ಸುಣ್ಣ, ಸೋಡಾ, ಸೂಜಿ

“ಅಕ್ಕಾ, ಕುತ್ತಿಗೆ ಮೇಲಿನ ಈ ನರಹುಲೀನ ಕರೆಂಟ್ ಕೊಟ್ಟು ತೆಗೀತಾರಂತಲ್ಲ, ನಿಮ್ಮತ್ರ ಆ ಮಿಷನ್ ಇಲ್ವಾ?”

ಮದುವೆ ಸೀಸನ್ ಬಂತೆಂದರೆ ಹೊನ್ನಾಳಿಯ ನನ್ನ ಪಾರ್ಲರಿನಲ್ಲಿ ಈ ಪ್ರಶ್ನೆ ತಪ್ಪಿದ್ದಲ್ಲ. ಕೇಳುವವರು ನ್ಯಾಮತಿಯ ಕಡೆಯವರಿರಬಹುದು, ಚನ್ನಗಿರಿಯ ಅಡಿಕೆ ತೋಟದ ಮನೆಯವರಿರಬಹುದು. ಇಲ್ಲ ಅನ್ನುತ್ತೇನೆ. ಪೆನ್ನಿನಂಥ ಮಿಷನ್ನು ಆನ್‌ಲೈನಿನಲ್ಲಿ ಅಗ್ಗಕ್ಕೇ ಸಿಗುತ್ತದೆ ಅಂತ ನನಗೂ ಗೊತ್ತು.

ಕರೆಂಟಿನ ಸೂಜಿ ಹೊಸದೇನಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿದ್ದ ಕಣ್ಣಿನ ಡಾಕ್ಟರ್ ಚಾರ್ಲ್ಸ್ ಮಿಶೆಲ್, ಒಳಕ್ಕೆ ತಿರುಗಿ ಕಣ್ಣು ಚುಚ್ಚುವ ರೆಪ್ಪೆಗೂದಲನ್ನು ಹೀಗೆ ತೆಗೆದದ್ದನ್ನು 1875ರಲ್ಲೇ ಬರೆದಿದ್ದರು. ಎಲೆಕ್ಟ್ರೋಲಿಸಿಸ್ ಅಂದರೆ ಇದೇ. ಬ್ಯಾಟರಿಯ ಋಣ ತುದಿಗೆ ಸೂಜಿ. ಧನ ತುದಿಯ ಸರಳನ್ನು ಕೂತವರು ಕೈಯಲ್ಲಿ ಹಿಡಿದಿರಬೇಕು. ಒಂದು ಮಿಲಿಆಂಪಿಯರ್ ಆಸುಪಾಸಿನ ಕರೆಂಟ್ ಹರಿದರೆ ಚರ್ಮದೊಳಗಿನ ಉಪ್ಪುನೀರು ಒಡೆದು ಸೂಜಿಯ ಸುತ್ತ ಕಾಸ್ಟಿಕ್ ಸೋಡಾ ಹುಟ್ಟುತ್ತದೆ, ಹೈಡ್ರೋಜನ್ ನೊರೆಯಾಗಿ ಮೇಲೆ ಬರುತ್ತದೆ. ಗಂಟನ್ನು ಕರಗಿಸುವುದು ಆ ಕ್ಷಾರ.

ಇದನ್ನು ಓದಿದಾಗ ನನಗೆ ನಗು ಬಂತು. ನಮ್ಮಜ್ಜಿ ಎಲೆಯಡಿಕೆ ಸಂಚಿಯ ಸುಣ್ಣಕ್ಕೆ ಬಟ್ಟೆ ಒಗೆಯುವ ಸೋಡಾ ಕಲಸಿ, ಕಡ್ಡಿಯ ತುದಿಯಲ್ಲಿ ನರಹುಲಿಗೆ ಮುಟ್ಟಿಸುತ್ತಿದ್ದಳು. ಅವೆರಡೂ ನೀರಿನಲ್ಲಿ ಸೇರಿದರೆ ಆಗುವುದೂ ಕಾಸ್ಟಿಕ್ ಸೋಡಾವೇ. ಪಿಯುಸಿ ಓದುವ ಮಗ ಸಮೀಕರಣ ಬರೆದು ತೋರಿಸಿದ. ಹತೋಟಿಯಲ್ಲಿ ಮಾತ್ರ ಅಜಗಜಾಂತರ. ಸ್ವಿಚ್ ಆರಿಸಿದರೆ ಸೂಜಿಯಲ್ಲಿ ಕ್ಷಾರ ಹುಟ್ಟುವುದು ನಿಲ್ಲುತ್ತದೆ. ಸುಣ್ಣ ಯಾರ ಮಾತನ್ನೂ ಕೇಳುವುದಿಲ್ಲ. ಅದು ತಿಂದ ಕುಳಿಗಳನ್ನು ನಮ್ಮ ಕಡೆಯ ಹಿರಿಯರ ಕುತ್ತಿಗೆಯಲ್ಲಿ ಈಗಲೂ ಕಾಣಬಹುದು. ಅಜ್ಜಿಯ ಇನ್ನೊಂದು ಉಪಾಯ, ಹೊಂಡಕ್ಕೆ ಬೆಲ್ಲ ಹಾಕುವ ಹರಕೆ. ಅದರಿಂದ ಕೆಡುಕಿಲ್ಲ ಬಿಡಿ. ವೈರಸ್‌ನಿಂದ ಬರುವ ನರಹುಲಿ ಮಕ್ಕಳಲ್ಲಿ ಎಷ್ಟೋ ಸಲ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ, ಹೆಸರು ದೇವರಿಗೆ.

ಈಗ ದಾವಣಗೆರೆಯಲ್ಲಿ ಚರ್ಮದ ಡಾಕ್ಟರುಗಳ ಹತ್ತಿರ ಹೆಚ್ಚಾಗಿ ಕಾಣುವುದು ಕಾಟರಿ, ರೇಡಿಯೋ ಫ್ರೀಕ್ವೆನ್ಸಿ. ಇವು ಶಾಖದಿಂದ ಸುಡುತ್ತವೆ, ಕೆಲಸ ಬೇಗ ಮುಗಿಯುತ್ತದೆ. ನಮ್ಮ ಜನ ಎಲ್ಲಕ್ಕೂ ಲೇಸರ್ ಅಂತಲೇ ಅನ್ನುತ್ತಾರೆ, ಇರಲಿ. ಮರಗಟ್ಟಿಸುವ ಮುಲಾಮು ಹಚ್ಚಿ ಮುಕ್ಕಾಲು ಗಂಟೆ, ಒಂದು ಗಂಟೆ ಕೂರಿಸುತ್ತಾರೆ. ಆಮೇಲೆ ಕಟ್ಟುವ ಹಕ್ಕಳೆ ಒಂದೆರಡು ವಾರದಲ್ಲಿ ಉದುರುತ್ತದೆ. ಉಗುರು ಹಾಕಿ ಕಿತ್ತರೆ ಕಲೆ ಖಾಯಂ. ನಮ್ಮಂಥ ಬಣ್ಣದ ಚರ್ಮದಲ್ಲಿ ಸುಟ್ಟ ಜಾಗ ಕಪ್ಪಾಗಿ, ತಿಳಿಯಾಗಲು ತಿಂಗಳುಗಳೇ ಹಿಡಿಯಬಹುದು. ಮದುವೆಗೆ ವಾರವಿದೆ ಎನ್ನುವಾಗ ಓಡಿಬರುವ ಹುಡುಗಿಯರಿಗೆ ಇದನ್ನು ಒಪ್ಪಿಸುವುದೇ ಕಷ್ಟ. ಹಸಿಗಾಯದ ಮೇಲೇ ಅರಿಶಿನ ಶಾಸ್ತ್ರದವರು ಎಣ್ಣೆ, ಅರಿಶಿನ ತಿಕ್ಕುತ್ತಾರೆ!

ನಡುವಯಸ್ಸಿನ ಹೆಂಗಸರ ಕೆನ್ನೆಯ ಮೇಲೆ ಎಳ್ಳು ಚೆಲ್ಲಿದ ಹಾಗೆ ಏಳುವ ಕಪ್ಪು ಗುಳ್ಳೆಗಳು ಹೆಚ್ಚಾಗಿ ಮನೆತನದಿಂದ ಬಂದವು, ಅಪಾಯವಿಲ್ಲ. ಕುತ್ತಿಗೆ, ಕಂಕುಳಲ್ಲಿ ನೇತಾಡುವ ಮೆತ್ತನೆಯವೂ ಅಷ್ಟೇ. ಆದರೆ ಜೊತೆಗೆ ಕತ್ತಿನ ಚರ್ಮ ಕಪ್ಪಾಗಿ ದಪ್ಪಗಾಗಿದ್ದರೆ ಮೊದಲು ಶುಗರ್ ಟೆಸ್ಟ್ ಮಾಡಿಸಿ ಅನ್ನುತ್ತೇನೆ. ಜಗಳೂರಿನ ನನ್ನ ನಾದಿನಿ ಕೊಳೆ ಎಂದುಕೊಂಡು ಸೋಪು ಹಾಕಿ ತಿಕ್ಕಿದ್ದೇ ತಿಕ್ಕಿದ್ದು. ಕಡೆಗೆ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಹೊರಬಿತ್ತು. ಹುಬ್ಬಿನ ಹತ್ತಿರ ಚಪ್ಪಟೆ ನರಹುಲಿ ಕಂಡರೆ ನಾನು ಥ್ರೆಡಿಂಗ್ ಮಾಡುವುದಿಲ್ಲ, ದಾರ ಓಡಾಡಿದ ಕಡೆಗೆಲ್ಲ ಅದು ಹಬ್ಬಬಹುದು.

ಮಚ್ಚೆಯ ವಿಷಯವೇ ಬೇರೆ. ಬಣ್ಣ ಬದಲಾಗುತ್ತಿರುವ, ಅಂಚು ಅಂಕುಡೊಂಕಾದ, ಬೆಳೆಯುತ್ತಿರುವ ಅಥವಾ ರಕ್ತ ಒಸರುವ ಮಚ್ಚೆಯಲ್ಲಿ ಕ್ಯಾನ್ಸರ್ ಅಡಗಿರಬಹುದು. ಅಂಥದ್ದನ್ನು ಡಾಕ್ಟರು ಕತ್ತರಿಸಿ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಸುಟ್ಟುಬಿಟ್ಟರೆ ಪರೀಕ್ಷೆ ಮಾಡಲು ಏನೂ ಉಳಿಯುವುದಿಲ್ಲ. ನಾನು ಆ ಪೆನ್ನು ಕೊಳ್ಳದಿರಲು ಇದೊಂದೇ ಸಾಕು.

ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲೂ ಬಾಪೂಜಿ ಆಸ್ಪತ್ರೆಯಲ್ಲೂ ಚರ್ಮದ ವಿಭಾಗವಿದೆ. ನನ್ನ ಗಿರಾಕಿಗಳನ್ನು ಅಲ್ಲಿಗೇ ಕಳಿಸುತ್ತೇನೆ. ಎಲ್ಲಿಗೇ ಹೋದರೂ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಬಿಚ್ಚಲಿ. ಹಿಂದೆ ಗಾಯವಾದಲ್ಲಿ ಚರ್ಮ ಉಬ್ಬಿ ಬೆಳೆದಿದ್ದರೆ ತಿಳಿಸಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರಂತೂ ಮುಲಾಮು ಹಚ್ಚುವ ಮೊದಲೇ ಹೇಳಿಬಿಡಬೇಕು.