ಗಣಕದ ಡಿಸ್ಕನ್ನು ಸೇವೆಯಿಂದ ಬಿಡಿಸುವ ಕ್ರಮ

ರಾಜಾಜಿನಗರ, ವಿಜಯನಗರ, ಕೆಂಗೇರಿಗಳ ಶಾಲಾ ಕಚೇರಿಗಳಲ್ಲಿ ಇಂದು ದಾಖಲಾತಿ, ಅಂಕಪಟ್ಟಿ, ಶುಲ್ಕದ ಲೆಕ್ಕಗಳು ಗಣಕಯಂತ್ರವನ್ನು ಆಶ್ರಯಿಸಿವೆ. ಇವನ್ನು ಹೊತ್ತ ಡಿಸ್ಕಿಗೂ ಸವೆತವುಂಟು, ರಿಪೇರಿಯುಂಟು. ಅದನ್ನು ಹೊರತೆಗೆಯುವಾಗ ತೋರುವ ಆತುರವು ಅನೇಕ ವರ್ಷಗಳ ದಾಖಲೆಯನ್ನು ಕ್ಷಣಮಾತ್ರದಲ್ಲಿ ಕೆಡಿಸಬಲ್ಲದು.

ಕಾರಣವನ್ನು ತಿಳಿಯಬಯಸುವ ವಿದ್ಯಾರ್ಥಿಯು ಶುಲ್ಕ ಪಡೆಯುವ ಗುಮಾಸ್ತರನ್ನು ನೆನೆಯಲಿ. ಅವರು ಪ್ರತಿಯೊಂದು ರಸೀದಿಗೂ ಎದ್ದುಹೋಗಿ ಬೀರುವಿನಲ್ಲಿರುವ ಖಾತೆ ಪುಸ್ತಕವನ್ನು ತೆರೆಯುವುದಿಲ್ಲ. ಮೇಜಿನ ಮೇಲಿನ ಕಚ್ಚಾ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಬಿಡುವಾದಾಗ ಒಟ್ಟಿಗೆ ಏರಿಸುತ್ತಾರೆ. ಕಾರ್ಯಾಚರಣ ವ್ಯವಸ್ಥೆಯ ರೀತಿಯೂ ಇದೇ. ನಾವು ಉಳಿಸಿದ ಬರಹವು ಬಹುಮಟ್ಟಿಗೆ ಮೊದಲು ಗಣಕದ ತಾತ್ಕಾಲಿಕ ಸ್ಮೃತಿಯಲ್ಲಿ ನಿಲ್ಲುತ್ತದೆ. ಲಿನಕ್ಸ್‌ನ ಸಾಮಾನ್ಯ ಏರ್ಪಾಡಿನಲ್ಲಿ ಅದು ಡಿಸ್ಕನ್ನು ಸೇರಲು ಸುಮಾರು 30 ಸೆಕೆಂಡುಗಳು ಹಿಡಿಯಬಹುದು. ಆ ನಡುವೆ ತಂತಿಯನ್ನು ಕಿತ್ತರೆ ಏರಿಸದ ಲೆಕ್ಕವು ನಷ್ಟವಾಗುತ್ತದೆ. ಕಡತಗಳ ಸೂಚಿಯೂ ಅಸ್ತವ್ಯಸ್ತವಾಗಬಹುದು.

ಆದುದರಿಂದ ಡಿಸ್ಕನ್ನು ಮೊದಲು ವ್ಯವಸ್ಥೆಯಿಂದ ಬಿಡಿಸಬೇಕು. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯುನಿಕ್ಸ್‌ನ ಪರಂಪರೆಯಲ್ಲಿ ಇದಕ್ಕೆ 'ಯುಮೌಂಟ್' ಎಂಬ ಆಜ್ಞೆಯಿದೆ. ('ಅನ್‌ಮೌಂಟ್' ಎಂಬುದರ ಒಂದು ಅಕ್ಷರವನ್ನು ಉಳಿಸಿದ ಹಿರಿಯರ ಮಿತವ್ಯಯವು ಇಂದಿಗೂ ಹೊಸಬರನ್ನು ತಡವರಿಸುತ್ತಿದೆ!) ಈ ಆಜ್ಞೆಯು ಉಳಿದ ಬರಹವನ್ನೆಲ್ಲ ಡಿಸ್ಕಿಗೆ ಏರಿಸಿ, ಬಳಿಕ ಸಂಬಂಧವನ್ನು ಕಡಿಯುತ್ತದೆ. ಕೇರಳದ ಶಾಲೆಗಳಂತೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸ್‌ನಲ್ಲಿಯೇ ಗಣಕ ಕಲಿಯುವವರು. ಅವರಿಗೆ ಇದು ಹೊಸ ಮಾತಲ್ಲ.

ಕೆಲವೊಮ್ಮೆ 'ಸಾಧನವು ಕಾರ್ಯನಿರತವಾಗಿದೆ' ಎಂಬ ಉತ್ತರ ಬರುತ್ತದೆ. ಯಾವುದೋ ಕಡತ ತೆರೆದಿದೆಯೆಂದೇ ಇದರ ಅರ್ಥ. 'ಎಲ್‌ಎಸ್‌ಓಎಫ್' ಆಜ್ಞೆಯಿಂದ ಅದನ್ನು ಹುಡುಕಿ ಮುಚ್ಚುವುದು ಸರಿಯಾದ ದಾರಿ. ಇದನ್ನು ಬಿಟ್ಟು 'ಸೋಮಾರಿ ಬಿಡುಗಡೆ'ಯ ಆಜ್ಞೆಗೆ ಮೊರೆಹೋಗುವವರುಂಟು. ಅದರಿಂದ ಡಿಸ್ಕು ಕಣ್ಣಿಗೆ ಮರೆಯಾಗುತ್ತದೆಯೇ ಹೊರತು, ತೆರೆದ ಕಡತಕ್ಕೆ ಬರೆಯುವ ಕೆಲಸ ಒಳಗೊಳಗೇ ಸಾಗಿರುತ್ತದೆ. ನನ್ನ ಅಭಿಪ್ರಾಯದಲ್ಲಿ, ರಿಪೇರಿಗೆ ಮುನ್ನ ಇದರಷ್ಟು ಮೋಸದ ಉಪಾಯ ಮತ್ತೊಂದಿಲ್ಲ. ದೋಷಪರೀಕ್ಷೆ ಮಾಡುವ 'ಎಫ್‌ಎಸ್‌ಸಿಕೆ'ಯನ್ನೂ ಡಿಸ್ಕು ಪೂರ್ಣವಾಗಿ ಬಿಡುಗಡೆಯಾದ ಮೇಲೆಯೇ ನಡೆಸತಕ್ಕದ್ದು.

ವಿಂಡೋಸ್ 10 ವ್ಯವಸ್ಥೆಯು 2018ರ ಪರಿಷ್ಕರಣದಿಂದ ಹೊರಜೋಡಣೆಯ ಸಾಧನಗಳಿಗೆ ಶೀಘ್ರ ತೆಗೆಯುವಿಕೆಯನ್ನೇ ಸಹಜ ನಿಯಮವನ್ನಾಗಿಸಿದೆ. ಆದರೂ ಬರಹ ಸಾಗಿರುವಾಗ ಕಿತ್ತರೆ ಹಾನಿ ತಪ್ಪದು.

ಒಂದೇ ದಾಖಲೆಯನ್ನು ಎರಡು ಡಿಸ್ಕುಗಳಲ್ಲಿ ಪ್ರತಿಬಿಂಬಿಸುವ 'ರೇಡ್' ಏರ್ಪಾಡಿನಲ್ಲಿ ಬೇರೊಂದು ಅಪಾಯವಿದೆ. ಒಂದು ಕೆಟ್ಟರೂ ಮತ್ತೊಂದು ಕೆಲಸವನ್ನು ಸಾಗಿಸುತ್ತದೆ. ಆದರೆ ಅವಸರದಲ್ಲಿ ಒಳ್ಳೆಯದನ್ನೇ ಎಳೆದುಬಿಟ್ಟರೆ? ಎರಡೂ ನೋಡಲು ಒಂದೇ ತೆರನಾಗಿರುತ್ತವೆ. ವ್ಯವಸ್ಥೆಯು ಕೊಟ್ಟ ಹೆಸರು ಮರುಚಾಲನೆಯಲ್ಲಿ ಬದಲಾಗಬಹುದಾದುದರಿಂದ ಅದನ್ನು ನಂಬಲಾಗದು. ಡಿಸ್ಕಿನ ಕ್ರಮಸಂಖ್ಯೆಯನ್ನು ಪರದೆಯ ಮೇಲೆ ಓದಿ, ಚೀಟಿಯಲ್ಲಿ ಬರೆದುಕೊಂಡು, ಡಿಸ್ಕಿನ ಮೈಮೇಲಿನ ಸಂಖ್ಯೆಯೊಡನೆ ತಾಳೆ ನೋಡಬೇಕು. 'ಎಂಡಿಎಡಿಎಂ' ಆಜ್ಞೆಯಿಂದ ಅದನ್ನು ಕೆಟ್ಟದ್ದೆಂದು ಗುರುತಿಸಿ, ಗುಂಪಿನಿಂದ ತೆಗೆದು, ಆಮೇಲೆ ಕೈಹಾಕುವುದು. ಹೊಸ ಡಿಸ್ಕಿಗೆ ಪ್ರತಿ ತುಂಬುವವರೆಗೆ ಶಾಲೆಯ ದಾಖಲೆಗೆ ಒಂದೇ ಆಸರೆ. ಪ್ರತ್ಯೇಕ ನಕಲೊಂದನ್ನು ಮುಂಚಿತವಾಗಿ ಮಾಡಿಡಬೇಕಾದುದು ಇದಕ್ಕಾಗಿಯೇ.

ಪ್ರತ್ಯೇಕವಾಗಿ ಜೋಡಿಸಿದ ಡಿಸ್ಕನ್ನು ಬಹುದಿನ ಹೊರಗಿಡುವುದಾದರೆ 'ಎಫ್‌ಎಸ್‌ಟ್ಯಾಬ್' ಕಡತದಲ್ಲಿ ಅದರ ಸಾಲನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಬೇಕು. ಇಲ್ಲವಾದರೆ ಮರುದಿನ ಯಂತ್ರವು ಇಲ್ಲದ ಡಿಸ್ಕಿಗಾಗಿ ಸುಮಾರು ಒಂದೂವರೆ ನಿಮಿಷ ಕಾದು, ತುರ್ತು ಸ್ಥಿತಿಯಲ್ಲಿ ನಿಂತುಬಿಡಬಹುದು.