ಕೆಸರಿಗೆ ಕಟ್ಟಿದ ಅಣೆಕಟ್ಟು

ಕಾರ್ಕಳದಿಂದ ಬಜಗೋಳಿ ದಾಟಿ ಮಾಳ ಗೇಟ್ ಮುಟ್ಟುವವರೆಗೆ ಅಡಿಕೆ ತೋಟ, ರಬ್ಬರ್ ಮರ, ಹೆಂಚಿನ ಮನೆಗಳ ಸಾಲು. ಗೇಟಿನಲ್ಲಿ ಅರಣ್ಯ ಸಿಬ್ಬಂದಿ ಗಾಡಿಯ ನಂಬರ್, ಒಳಹೊಕ್ಕ ಹೊತ್ತು ಬರೆದ ಚೀಟಿ ಕೊಡುತ್ತಾರೆ. ಆಚೆ ತುದಿಯ ಗೇಟಿಗೆ ತಡವಾಗಿ ಬಂದರೆ ಎಲ್ಲಿ ನಿಂತಿದ್ದಿರಿ ಎಂಬುದಕ್ಕೆ ಉತ್ತರ ಹೇಳಬೇಕು. ದಾರಿಬದಿಯಲ್ಲಿ ಬುತ್ತಿ ಬಿಚ್ಚುವ, ಮಂಗಗಳಿಗೆ ತಿಂಡಿ ಎಸೆಯುವ ಆಸೆಯನ್ನು ಇಲ್ಲೇ ಬಿಟ್ಟು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಘಾಟಿ ಹತ್ತುವುದು ಮೇಲು.

ಹಳೆಯ ದಕ್ಷಿಣ ಕನ್ನಡ (ಸೌತ್ ಕೆನರಾ) ಮುಗಿಯುವಲ್ಲಿ ಎಸ್.ಕೆ. ಬಾರ್ಡರ್. ಎಡಕ್ಕೆ ಹೊರಳಿದರೆ ಕೆರೆಕಟ್ಟೆಯ ಮೇಲೆ ಶೃಂಗೇರಿ, ಬಲಕ್ಕೆ ಕುದುರೆಮುಖ, ಕಳಸ. ಬಲದ ದಾರಿಯಲ್ಲಿ ಬೆಟ್ಟಗಳ ಚಹರೆಯೇ ಬೇರೆ. ನೆತ್ತಿಯ ಮೇಲೆ ಮೋಟು ಹುಲ್ಲು, ಎರಡು ಗುಡ್ಡ ಕೂಡುವ ಮಡಿಕೆಗಳಲ್ಲಿ ಮಾತ್ರ ಕುಳ್ಳು ಮರಗಳ ಒತ್ತಾದ ಶೋಲ ಕಾಡು. ಮಳೆಗಾಲದಲ್ಲಿ ಸುರಿದದ್ದನ್ನು ಈ ಹುಲ್ಲು, ಈ ಕಾಡು ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ಸಣ್ಣಗೆ ಬಿಡುತ್ತವೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವುದು ಈ ಸೀಮೆಯಲ್ಲೇ. 1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಸಿಂಗಳೀಕಗಳ ನೆಲೆ ಹುಡುಕುತ್ತ ನಡೆಸಿದ ಸಮೀಕ್ಷೆಯ ಬೆನ್ನಿಗೇ, 1987ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು.

ಅಷ್ಟು ಹೊತ್ತಿಗಾಗಲೇ ಈ ಬೆಟ್ಟಗಳ ನಡುವೆ ಒಂದು ಗಣಿ, ಒಂದು ಊರು, ಒಂದು ಅಣೆಕಟ್ಟು ಎದ್ದಿದ್ದವು. ಇರಾನಿನ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಒದಗಿಸಲೆಂದು 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. 1979ರ ಕ್ರಾಂತಿಯ ನಂತರ ಇರಾನ್ ಕೈಬಿಟ್ಟಿತು. ಕಂಪನಿ ಬೇರೆ ಗಿರಾಕಿಗಳನ್ನು ಹುಡುಕಿಕೊಂಡಿತು.

ಇಲ್ಲಿನದು ಕಬ್ಬಿಣದ ಅಂಶ ಕಡಿಮೆ ಇರುವ ಮ್ಯಾಗ್ನಟೈಟ್ ಅದಿರು. ಅಗೆದದ್ದನ್ನು ಹಾಗೇ ಲಾರಿಗೆ ತುಂಬಿದರೆ ಗಿಟ್ಟುವುದಿಲ್ಲ. ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, ಆಯಸ್ಕಾಂತದ ಉರುಳೆಗಳ ಮೇಲೆ ಹಾಯಿಸಬೇಕು. ಕಬ್ಬಿಣ ಅಂಟಿಕೊಳ್ಳುತ್ತದೆ, ಉಳಿದದ್ದು ಜಾರಿಹೋಗುತ್ತದೆ. ಅಂಟಿಕೊಂಡದ್ದು ನೀರಿನ ಜತೆಗೇ 67 ಕಿ.ಮೀ. ಉದ್ದದ ಕೊಳವೆಯಲ್ಲಿ ಘಾಟಿ ಇಳಿದು ಮಂಗಳೂರಿನ ಪಣಂಬೂರು ಸೇರುತ್ತಿತ್ತು. ಜಾರಿಹೋದ ಕೆಸರಿಗೆ ಜಾಗ ಬೇಕಲ್ಲ? ಭದ್ರೆಯ ಉಪನದಿ ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು 100 ಮೀಟರ್ ಎತ್ತರದ ಕಟ್ಟೆ ಎದ್ದದ್ದು ಅದಕ್ಕಾಗಿ.

ಹಾಗಾಗಿ ಲಕ್ಯಾ ಡ್ಯಾಮಿನ ನೀಲಿಯನ್ನು ಮೆಚ್ಚುವಾಗ ಅದರ ತಳವನ್ನೂ ನೆನೆಯಬೇಕು. ಮೇಲೆ ಮಳೆನೀರು, ಕೆಳಗೆ ವರ್ಷವರ್ಷವೂ ಪದರಪದರವಾಗಿ ಇಳಿದ ನುಣುಪು ಹೂಳು. ಬೇರೆ ಜಲಾಶಯಗಳಲ್ಲಿ ಹೂಳು ತುಂಬುವುದು ದುರದೃಷ್ಟ. ಇಲ್ಲಿ ಅದೇ ಉದ್ದೇಶ. ಕಾಲುವೆಯಿಲ್ಲ, ದೋಣಿಯಿಲ್ಲ. ಅನುಮತಿ ಇಲ್ಲದೆ ಪ್ರವಾಸಿಗರನ್ನು ಹತ್ತಿರ ಬಿಡುವುದೂ ಇಲ್ಲ.

ಗಣಿಯ ಕೆಂಪು ನೀರು ಭದ್ರೆಗೆ ಸೇರುತ್ತಿದೆ ಎಂಬ ದೂರು ಕೊನೆಗೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ನಾಗರಹೊಳೆಯ ಕಾಡು ಕಾದು ಹೆಸರಾದ ಕೆ.ಎಂ. ಚಿಣ್ಣಪ್ಪ ಅರ್ಜಿದಾರರಾಗಿದ್ದರು. 2002ರ ಅಕ್ಟೋಬರ್ 30ರ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಅದನ್ನೇ ನಂಬಿದ್ದ ಕುಟುಂಬಗಳು ಗಂಟುಮೂಟೆ ಕಟ್ಟಿದವು. ಈಗ ಕುದುರೆಮುಖ ಟೌನ್‌ಶಿಪ್ಪಿನಲ್ಲಿ ಬೀಗ ಬಿದ್ದ ಕ್ವಾರ್ಟರ್ಸುಗಳ ಸಾಲುಗಳಿವೆ.

ಹೋಗುವವರಿಗೆ ಮಳೆ ಹಿಂದೆಗೆದು ಹುಲ್ಲು ಇನ್ನೂ ಹಸಿರಾಗಿರುವ ದಿನಗಳೇ ಚೆಂದ. ಕಾರ್ಕಳದಿಂದ ಕುದುರೆಮುಖಕ್ಕೆ ಸುಮಾರು 50 ಕಿ.ಮೀ.; ದಾರಿಯಲ್ಲಿ ಹನುಮಾನ್‌ಗುಂಡಿ, ಕದಂಬಿ ಜಲಪಾತಗಳಿವೆ. ಶಿಖರ ಹತ್ತುವುದಾದರೆ ಅರಣ್ಯ ಇಲಾಖೆಯ ಪರವಾನಗಿ ಮೊದಲೇ ಪಡೆದಿರಬೇಕು.

ಗಣಿ ನಡೆದದ್ದು ಕಾಲು ಶತಮಾನ. ಕಟ್ಟೆಗೆ ಮಾತ್ರ ನಿವೃತ್ತಿಯಿಲ್ಲ. ಅದು ಸಡಿಲಿದರೆ ಹೂಳು ಇಳಿಯುವುದು ಭದ್ರೆಗೆ, ಭದ್ರೆ ಹರಿಯುವುದು ಲಕ್ಕವಳ್ಳಿಯ ಜಲಾಶಯಕ್ಕೆ, ಅಲ್ಲಿಂದ ದಾವಣಗೆರೆಯ ಗದ್ದೆಗಳಿಗೆ. ಗಣಿ ನಿಲ್ಲಿಸಲು ನ್ಯಾಯಾಲಯ ಒಂದು ದಿನಾಂಕ ಕೊಟ್ಟಿತು. ಈ ಕಟ್ಟೆ ಕಾಯುವ ಕೆಲಸಕ್ಕೆ ಅಂಥ ದಿನಾಂಕವನ್ನು ಯಾರೂ ಕೊಡಲಾರರು.