ಗಾಳಿಯ ತೇವಕ್ಕೂ ಒಂದು ಹದ

ಹತ್ತಿಯ ನೂಲು ಒಣಗಿದಷ್ಟೂ ಬಲಗುಂದುತ್ತದೆ, ತೇವವುಂಡಷ್ಟೂ ಗಟ್ಟಿಯಾಗುತ್ತದೆ. ಶಾಸ್ತ್ರಜ್ಞರು ಇದನ್ನು ಅಳೆಯುವುದಕ್ಕೆ ಬಹು ಹಿಂದೆಯೇ ನೇಕಾರರು ಅರಿತಿದ್ದರು. ನೆಲದಲ್ಲಿ ಗುಂಡಿ ತೋಡಿ ಹೂಡಿದ ಮಗ್ಗದಲ್ಲಿ ಹಾಸಿನ ಎಳೆಗಳಿಗೆ ಭೂಮಿಯ ತಂಪು ತಾಗುತ್ತದೆ. ಎಳೆ ಸುಲಭವಾಗಿ ಹರಿಯದು.

ಗಿರಣಿಗಳು ಬಂದಾಗ ಈ ತಂಪನ್ನು ಕೃತಕವಾಗಿ ಒದಗಿಸಬೇಕಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಲ್ಯಾಂಕಷೈರಿನ ಎಷ್ಟೋ ಗಿರಣಿಗಳು ನೇಯುವ ಕೊಠಡಿಗೆ ಹಬೆಯನ್ನೇ ಬಿಡುತ್ತಿದ್ದವು. ಎಳೆ ಉಳಿಯಿತು, ಆಳು ಸೊರಗಿದ. ಸೆಕೆಯಲ್ಲಿ ತೊಯ್ದ ಬಟ್ಟೆಯೊಡನೆಯೇ ಚಳಿಯ ಬೀದಿಗಿಳಿಯಬೇಕಾದವರ ದೂರು ಕೊನೆಗೆ ಪಾರ್ಲಿಮೆಂಟಿಗೆ ಮುಟ್ಟಿ, 1889ರ ಶಾಸನವು ಕೊಠಡಿಯ ತೇವಕ್ಕೆ ಮೇರೆ ಹಾಕಿತು. ನಮ್ಮ ದೇಶದ 1948ರ ಕಾರ್ಖಾನೆ ಕಾಯಿದೆಯೂ ಗಾಳಿಗೆ ಸಿಂಪಡಿಸುವ ನೀರು ಶುದ್ಧವಾಗಿರಬೇಕೆಂದು ವಿಧಿಸಿತು. ನೂಲೂ ಉಳಿಯಬೇಕು, ಉಸಿರೂ ಉಳಿಯಬೇಕು. ತೇವವನ್ನು ಕಾಯುವ ಸ್ವಯಂಚಾಲಿತ ಯಂತ್ರದ ಮೇಲೆ ಬಿದ್ದಿರುವ ಹೊಣೆ ಇದು.

ಯಂತ್ರದ ತತ್ತ್ವವೇನೋ ಸರಳ. ಅಳೆಯುವ ಸಾಧನ ತೇವವನ್ನು ಅಳೆಯುತ್ತದೆ. ಕಡಮೆಯಾದರೆ ನೀರಿನ ಕವಾಟ ತೆರೆಯುತ್ತದೆ, ಸಾಕಾದರೆ ಮುಚ್ಚುತ್ತದೆ. ತೊಡಕಿರುವುದು ಪ್ರಮಾಣದಲ್ಲಿ. 25 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಒಂದು ಘನ ಮೀಟರು ಗಾಳಿ ಸುಮಾರು 23 ಗ್ರಾಂ ನೀರಾವಿಯನ್ನು ತಾಳಬಲ್ಲದು. ಹತ್ತು ಸಾವಿರ ಘನ ಮೀಟರಿನ ಅಂಗಣದಲ್ಲಿ ಆರ್ದ್ರತೆಯನ್ನು ನೂರಕ್ಕೆ 50ರಿಂದ 60ಕ್ಕೆ ಏರಿಸಲು ಸುಮಾರು 23 ಕಿಲೋ ನೀರು ಆವಿಯಾಗಬೇಕು. ಯಂತ್ರಗಳ ಕಾವಿಗೆ ಅದೇ ಗಾಳಿ 35 ಡಿಗ್ರಿಗೆ ಏರಿತೆನ್ನೋಣ: ಒಂದು ಹನಿಯೂ ಹೊರಹೋಗದಿದ್ದರೂ 60 ಇದ್ದ ಆರ್ದ್ರತೆ 35ಕ್ಕೆ ಇಳಿದಿರುತ್ತದೆ!

ಇದಕ್ಕಿಂತ ದೊಡ್ಡ ತೊಡಕು ಕಾಲವಿಳಂಬ. ಸಿಂಪಡಿಸಿದ ನೀರು ಆವಿಯಾಗಿ, ಅಂಗಣದಲ್ಲೆಲ್ಲ ಬೆರೆತು, ಮಾಪಕವನ್ನು ತಲುಪಲು ಹೊತ್ತು ಹಿಡಿಯುತ್ತದೆ. ಸಾರಿಗೆ ಉಪ್ಪು ಹಾಕಿ ಕದಡದೆಯೇ ರುಚಿ ನೋಡಿ, ಸಾಲದೆಂದು ಇನ್ನೊಂದು ಚಿಟಿಕೆ ಹಾಕುವ ಅವಸರದ ಅಡಿಗೆಯವರ ಪಾಡೇ ಯಂತ್ರದ್ದೂ ಆಗುತ್ತದೆ. ಹಾಕಿದ ಉಪ್ಪನ್ನು ಹಿಂದಕ್ಕೆ ತೆಗೆಯಲಾಗದಂತೆ, ಸಿಂಪಡಿಸುವ ಯಂತ್ರವು ಹೆಚ್ಚಾದ ತೇವವನ್ನು ಹಿಂದಕ್ಕೆ ಹೀರಲಾರದು. ಹೊರಗಾಳಿ ಬಂದು ತಿಳಿಯಾಗಿಸುವವರೆಗೆ ಕಾಯಬೇಕು. ಅಷ್ಟರಲ್ಲಿ ಮಗ್ಗದ ಕಬ್ಬಿಣ ಬೆವರಿರುತ್ತದೆ.

ಈ ತೂಗಾಟವನ್ನು ಅಡಗಿಸಲು ನಿಯಂತ್ರಕದಲ್ಲಿ ಮೂರು ತಿರುಪುಗಳುಂಟು. ಒಂದು, ಈಗಿನ ಕೊರತೆಗೆ ತಕ್ಕಷ್ಟು ಕವಾಟ ತೆರೆಯುವುದು. ಇನ್ನೊಂದು, ಹಿಂದಿನಿಂದ ಉಳಿದುಬಂದ ಕೊರತೆಯನ್ನು ಬಾಕಿಯಂತೆ ಕೂಡಿಸಿಕೊಂಡು ತೀರಿಸುವುದು. ಮೂರನೆಯದು ಏರಿಳಿತದ ವೇಗವನ್ನು ಕಂಡು ಮುಂದಾಗಿಯೇ ಕೈ ಬಿಗಿಹಿಡಿಯುವುದು. ಮಾಪಕದ ಸಣ್ಣ ಅಲುಗಾಟಕ್ಕೂ ಇದು ಬೆಚ್ಚುವುದರಿಂದ ತೇವದ ಕೆಲಸದಲ್ಲಿ ಅನೇಕರು ಇದನ್ನು ದೂರವಿಡುತ್ತಾರೆ.

ಎಷ್ಟೆಷ್ಟು ತಿರುಗಿಸಬೇಕು? 1942ರಲ್ಲಿ ಅಮೆರಿಕದ ಟೇಲರ್ ಉಪಕರಣ ಸಂಸ್ಥೆಯ ಜಾನ್ ಝೀಗ್ಲರ್ ಮತ್ತು ನಥಾನಿಯಲ್ ನಿಕೊಲ್ಸ್ ಒಂದು ಸೂತ್ರ ಕೊಟ್ಟರು. ಮೊದಲನೆಯ ತಿರುಪೊಂದನ್ನೇ ಏರಿಸುತ್ತ ಹೋಗಿ, ತೂಗಾಟ ಬೆಳೆಯದೆ, ಕುಗ್ಗದೆ ಒಂದೇ ಸಮನೆ ನಡೆಯುವ ಮಟ್ಟವನ್ನು ಹಿಡಿಯಬೇಕು. ಆಮೇಲೆ ಅದರ ಅರ್ಧಕ್ಕೆ ಇಳಿಸಬೇಕು. ಮೂರೂ ತಿರುಪುಗಳನ್ನು ಬಳಸುವುದಾದರೆ ಹತ್ತರಲ್ಲಿ ಆರು ಪಾಲು. ಪ್ರತಿಯೊಂದು ತೂಗಾಟವೂ ಹಿಂದಿನದರ ಕಾಲುಭಾಗಕ್ಕೆ ಕುಗ್ಗಬೇಕೆಂಬುದೇ ಅವರ ಗುರಿ. ಜಾಣ ಸೂತ್ರವೇ ನಿಜ. ಆದರೆ ಆಳುಗಳು ದುಡಿಯುತ್ತಿರುವ ಅಂಗಣದಲ್ಲಿ ಬೇಕೆಂದೇ ತೂಗಾಟವೆಬ್ಬಿಸುವುದು ಯಾರಿಗೂ ಹಿತವಲ್ಲ. ಒಮ್ಮೆ ಗುರಿ ಮೀರಿದರೆ ಬೇಗ ಹಿಂದಿರುಗಲಾರದ ತೇವಕ್ಕೆ ಸೂತ್ರಕ್ಕಿಂತಲೂ ಮೆಲ್ಲಗಿನ ಹದವೇ ಲೇಸು. ಕವಾಟವನ್ನು ತುಸುವೇ ತೆರೆದು, ತೇವ ಎಷ್ಟು ಹೊತ್ತಿಗೆ ಏರಲಾರಂಭಿಸಿತು, ಎಲ್ಲಿ ನಿಂತಿತು ಎಂಬುದನ್ನು ಗಡಿಯಾರ ಹಿಡಿದು ಗುರುತಿಸಿಕೊಳ್ಳುವ ಇನ್ನೊಂದು ದಾರಿಯನ್ನೂ ಅವರೇ ತೋರಿಸಿದ್ದಾರೆ.

ಬಾಕಿ ಕೂಡಿಸುವ ತಿರುಪಿನ ಮೇಲೆ ವಿಶೇಷ ಕಣ್ಣಿರಬೇಕು. ನೀರಿನ ತೊಟ್ಟಿ ಅರ್ಧ ಗಂಟೆ ಬರಿದಾಯಿತೆನ್ನೋಣ. ಯಂತ್ರ ಬಾಕಿಯನ್ನು ಕೂಡಿಸುತ್ತಲೇ ಇರುತ್ತದೆ. ನೀರು ಬಂದೊಡನೆ, ತೇವ ಗುರಿಯನ್ನು ಮುಟ್ಟಿದ ಮೇಲೂ ಹಳೆಯ ಲೆಕ್ಕ ತೀರುವ ತನಕ ಸಿಂಪಡಿಸುತ್ತದೆ. ಕವಾಟ ಪೂರ್ತಿ ತೆರೆದಿರುವಾಗ ಲೆಕ್ಕವನ್ನು ನಿಲ್ಲಿಸುವ ಏರ್ಪಾಡು ಇದಕ್ಕೆ ಮದ್ದು.

ಇಷ್ಟಾದರೂ ಶ್ರಾವಣದಲ್ಲಿ ಕೂಡಿಸಿದ ಹದ ಚೈತ್ರದ ಒಣಗಾಳಿಗೆ ಒಗ್ಗದೆ ಹೋಗಬಹುದು. ಅನುಭವಸ್ಥ ಮೇಸ್ತ್ರಿಗಳು ಎರಡು ಕಾಲದ ಅಂಕಿಗಳನ್ನೂ ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳುವುದು ಅದಕ್ಕಾಗಿಯೇ.